ಅಪ್ಪನ ಕೊನೆಯ ಪೀಪಾಯಿ

"ಗುರುಗಳೇ, ನಿಮ್ಮ ನಂತರ ನಿಮ್ಮ ಮಾತುಗಳನ್ನು ಹೇಗೆ ಕಾಪಾಡಲಿ?" ಎಂದು ಶಿಷ್ಯ ಕೇಳಿದ. "ಅವುಗಳಲ್ಲಿ ನನ್ನದೊಂದು ಅಕ್ಷರವೂ ಸೇರಬಾರದು ಎಂದು ನಿಶ್ಚಯಿಸಿದ್ದೇನೆ. ಸರಿಯಲ್ಲವೇ?"

ಗುರುಗಳು ಸರಿ ಎನ್ನಲಿಲ್ಲ, ತಪ್ಪು ಎನ್ನಲೂ ಇಲ್ಲ. ಒಂದು ಮನೆತನದ ಕತೆ ತೆಗೆದರು. ಆ ಮನೆಯವರು ಶಾರ್ಡನೇ ದ್ರಾಕ್ಷಿ ಬೆಳೆದು ಬಿಳಿ ವೈನ್ ಮಾಡುವವರು ಎಂದೊಡನೆ ಶಿಷ್ಯನ ಮುಖ ಸಣ್ಣದಾಯಿತು.

"ಮೂಗು ಮುರಿಯಬೇಡ ಮಾರಾಯ, ಕತೆ ಕೇಳಿದರೆ ಅಮಲೇರುವುದಿಲ್ಲ," ಎಂದು ಗುರುಗಳು ಮುಂದುವರಿಸಿದರು.

ಆ ತೋಟದ ಯಜಮಾನನ ವೈನ್ ಸುತ್ತಲ ಸೀಮೆಯಲ್ಲೆಲ್ಲ ಹೆಸರುವಾಸಿ. ಅವನಿಗೆ ಒಬ್ಬಳೇ ಮಗಳು, ಅಪ್ಪನ ಜೊತೆ ನಿಂತೇ ಕೆಲಸ ಕಲಿತವಳು. ವೈನನ್ನು ಮರದ ಪೀಪಾಯಿಗಳಲ್ಲಿ ಮಾಗಲು ಇಡುತ್ತಾರೆ. ಮರ ಸುಮ್ಮನಿರುವುದಿಲ್ಲ, ದಿನವೂ ಒಂದಿಷ್ಟು ಕುಡಿಯುತ್ತದೆ. ಖಾಲಿಯಾದ ಜಾಗಕ್ಕೆ ಗಾಳಿ ಹೊಕ್ಕರೆ ಒಳಗಿನದೆಲ್ಲ ಹುಳಿಯಾಗಿ ಹಾಳಾಗುತ್ತದೆ. ಅದಕ್ಕೇ ಆಗಾಗ ಬಿರಡೆ ತೆಗೆದು, ಬೇರೆ ವೈನ್ ಸುರಿದು, ಕಂಠಪೂರ್ತಿ ತುಂಬಿಸುತ್ತಿರಬೇಕು. ಇದೆಲ್ಲ ಮಗಳಿಗೆ ಚೆನ್ನಾಗಿಯೇ ಗೊತ್ತಿತ್ತು.

ಒಂದು ಸುಗ್ಗಿಯ ವೈನನ್ನು ಪೀಪಾಯಿಗಳಿಗೆ ಇಳಿಸಿ, ಕೆಲವು ತಿಂಗಳು ನೋಡಿಕೊಂಡು, ಯಜಮಾನ ತೀರಿಕೊಂಡ. ಮಗಳು ತೋಟ ವಹಿಸಿಕೊಂಡಳು. ಅಪ್ಪ ಮಾಡಿದ್ದೆಲ್ಲ ಮಾರಾಟವಾಗಿ ಒಂದೇ ಒಂದು ಪೀಪಾಯಿ ಉಳಿಯಿತು. ಅದರ ಬಿರಡೆಯನ್ನು ಅವಳು ಮುಟ್ಟಲಿಲ್ಲ.

"ನಿನ್ನ ವೈನಿನ ಪೀಪಾಯಿ ಎಲ್ಲಾನೂ ತುಂಬಿಸ್ತೀಯ, ಇದೊಂದನ್ನ ಯಾಕೆ ಬಿಟ್ಟಿದ್ದೀಯ?" ಎಂದಳು ತಾಯಿ.

"ಅಪ್ಪನ ಕೈಯದ್ದು ಅಂತ ಉಳಿದಿರೋದು ಇದೊಂದೇ ಅಮ್ಮ. ಇದಕ್ಕೂ ನನ್ನದನ್ನ ಸುರಿದ್ರೆ ಅಪ್ಪ ಎಲ್ಲಿ ಉಳಿದ ಹಾಗಾಯ್ತು?"

ತಾಯಿ ಏನೋ ಹೇಳಹೊರಟು ಸುಮ್ಮನಾದಳು. ಬಿರಡೆ ಗಟ್ಟಿಯಾಗಿದೆ, ಏನೂ ಆಗಲಾರದು ಎಂದು ಮಗಳು ತನಗೆ ತಾನೇ ಹೇಳಿಕೊಂಡಳು. ಹಾಗೆ ಹೇಳಿಕೊಳ್ಳಬೇಕಾಗಿ ಬಂದಾಗಲೇ ಅವಳಿಗೆ ಅನುಮಾನ ಬರಬೇಕಿತ್ತು. ಆದರೆ ಪ್ರೀತಿ ಅವಳ ಬುದ್ಧಿಯನ್ನು ಮೂಲೆಗೆ ಕೂರಿಸಿತ್ತು. ಮುಂದಿನ ಸುಗ್ಗಿಯ ಮೊದಲ ದಿನ ಅದನ್ನು ತೆರೆದು, ಅಪ್ಪನ ಕೈರುಚಿಯನ್ನು ಇನ್ನೊಮ್ಮೆ ನೋಡಬೇಕೆಂಬುದೊಂದೇ ಅವಳ ಆಸೆ.

ಆ ದಿನ ಬಂತು. ಬಿರಡೆ ತೆಗೆದದ್ದೇ ತಡ, ಕಟುವಾದ ಹುಳಿ ವಾಸನೆ ಮುಖಕ್ಕೆ ರಾಚಿತು. ಒಂದು ತೊಟ್ಟು ನಾಲಿಗೆಗೆ ಹಚ್ಚಿಕೊಂಡಳು, ಬರೀ ಹುಳಿ. ಪೀಪಾಯಿ ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. "ಅಪ್ಪನ್ನ ನಾನೇ ಕೈಯಾರೆ ಕೆಡಿಸಿಬಿಟ್ಟೆ!"

ತಾಯಿ ಪಕ್ಕದಲ್ಲಿ ಕುಳಿತು ಅವಳ ಬೆನ್ನು ಸವರಿದಳು. "ಆವತ್ತೇ ಹೇಳಬೇಕಿತ್ತು ನಾನು. ಅವರ ಸುದ್ದಿ ಎತ್ತಿದ್ರೆ ಅಳ್ತೀಯ ಅಂತ ಬಾಯಿ ಮುಚ್ಕೊಂಡೆ. ನೀನು ಮೊದಲನೇ ಸಲ ಒಬ್ಬಳೇ ವೈನ್ ಮಾಡಿದ್ಯಲ್ಲ, ಈ ಪೀಪಾಯಿಗೆ ನಿಮ್ಮಪ್ಪ ಸುರೀತಿದ್ದದ್ದು ಅದನ್ನೇ ಕಣೇ. ಬೇರೆ ಯಾವುದನ್ನೂ ಸುರೀತಿರ್ಲಿಲ್ಲ."

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಶಿಷ್ಯನ ಕಣ್ಣು ತೇವವಾಗಿತ್ತು. "ಅಯ್ಯೋ, ಅದು ಮೊದಲೇ ಬೆರೆತಿತ್ತೇ! ಅವಳಿಗೆ ಅಷ್ಟು ಗೊತ್ತಿದ್ದರೆ ಸಾಕಾಗಿತ್ತು," ಎಂದ.

ಗುರುಗಳು ಅವನನ್ನೇ ನೋಡುತ್ತ ಕೇಳಿದರು: "ನನ್ನ ಮಾತು ಕಾಪಾಡುತ್ತೇನೆ ಎನ್ನುತ್ತೀಯಲ್ಲ, ನೀನು ಪ್ರಶ್ನೆ ಕೇಳದೆ ನಾನು ಆಡಿದ ಮಾತು ಒಂದಾದರೂ ಇದೆಯೇ?"