ಬುಟ್ಟಿಯೊಳಗಿನ ತಪ್ಪು

ಶಿಷ್ಯೆಯೊಬ್ಬಳು ಗುರುತಾಯಿಯನ್ನು ಕೇಳಿದಳು: "ಅಮ್ಮಾ, ನನ್ನ ಅಣ್ಣ ಸೆರೆಮನೆಯಲ್ಲಿದ್ದಾನೆ. ತಿಂಗಳಿಗೊಮ್ಮೆ ನೋಡಲು ಹೋಗುತ್ತೇನೆ. ಕಂಬಿಯಾಚೆ ಬಂದು ಕೂರುತ್ತಾನೆ, ತುಟಿ ಬಿಚ್ಚುವುದಿಲ್ಲ. ನಾನೇ ಮಾತಾಡಿ ನಾನೇ ಎದ್ದು ಬರುತ್ತೇನೆ. ಇನ್ನು ಹೋಗಿ ಏನು ಫಲ?"

ತಾಯಿ ಈ ಕತೆ ಹೇಳಿದಳು.

ಬುಟ್ಟಿ ಹೆಣೆಯುವ ಹೆಂಗಸೊಬ್ಬಳಿದ್ದಳು. ಅವಳಿಗೆ ಕೆಲಸ ಕಲಿಸಿದವನು ಅವಳ ಗಂಡನೇ. ಅವನ ಕಣ್ಣು ಚುರುಕು, ಸಿಟ್ಟು ಅದಕ್ಕಿಂತ ಚುರುಕು. ಅವಳ ಹೆಣಿಗೆಯಲ್ಲಿ ಒಂದು ಎಳೆ ತಪ್ಪಿದರೂ ಬೈದು, ತಾನೇ ಬಿಚ್ಚಿ ತಿದ್ದುವನು. ಒಂದು ದಿನ ಜಗಳದಲ್ಲಿ ಬಿದಿರು ಸೀಳುವ ಕತ್ತಿಯನ್ನೇ ಬೀಸಿದ. ಎದುರಿನವನ ಕೈ ತುಂಡಾಯಿತು. ಅರಸ ಏಳು ವರ್ಷ ಸೆರೆ ವಿಧಿಸಿದ.

ಹೆಂಡತಿ ನೋಡಲು ಹೋದಳು. ಅವನು ಬಾಗಿಲಿಗೆ ಬರಲಿಲ್ಲ. "ಅವಳಿಗೆ ಮುಖ ತೋರಿಸಲಾರೆ, ಬರಬೇಡ ಅನ್ನು" ಎಂದು ಕಾವಲುಗಾರನ ಕೈಯಲ್ಲಿ ಹೇಳಿ ಕಳಿಸಿದ.

ಅವಳು ಹಟದವಳು. ಪ್ರತಿ ಹುಣ್ಣಿಮೆಗೆ ಹೊಸ ಬುಟ್ಟಿ ಹೆಣೆದು, ಅದರಲ್ಲಿ ರೊಟ್ಟಿಯಿಟ್ಟು, ಮೂರು ಹರದಾರಿ ನಡೆದು ಕಾವಲುಗಾರನಿಗೆ ಒಪ್ಪಿಸುವಳು. ಬುಟ್ಟಿ ಬರಿದಾಗಿ ಹಿಂತಿರುಗುವುದು. ಅದರ ಜೊತೆ ಒಂದು ಮಾತೂ ಬರುತ್ತಿರಲಿಲ್ಲ. ಹೀಗೇ ಒಂದು ವರ್ಷ ಕಳೆಯಿತು. ರೊಟ್ಟಿ ತಿನ್ನುವವನು ಗಂಡನೋ ಕಾವಲುಗಾರನೋ ಎಂಬ ಸಂಶಯ ಅವಳನ್ನು ಹತ್ತಿತು.

ಒಂದು ಸಲ ಜ್ವರದಲ್ಲೇ ಕೂತು ಹೆಣೆದಳು. ಒಂದು ಕಡ್ಡಿಯ ಮೇಲೆ, ಮುಂದಿನದರ ಕೆಳಗೆ ಹಾಯಬೇಕಾದ ಎಳೆ, ಅಂಚಿನ ಹತ್ತಿರ ಎರಡು ಕಡ್ಡಿಗಳ ಮೇಲೆ ಹಾದುಬಿಟ್ಟಿತು. ದಾರಿಯಲ್ಲಿ ಅದನ್ನು ಕಂಡು ನಾಚಿದಳು. ತಿದ್ದಲು ಹೊತ್ತಿರಲಿಲ್ಲ, ಹಾಗೆಯೇ ಕೊಟ್ಟಳು.

ಬುಟ್ಟಿ ಹಿಂತಿರುಗಿದಾಗ ಅಂಚಿನ ಮೇಲೆ ಬೆರಳಾಡಿಸಿದಳು. ಆ ಎಳೆಯನ್ನು ಬಿಚ್ಚಿ ಸರಿಯಾಗಿ ಹೆಣೆದಿತ್ತು. ಒಳಗೆ ಕತ್ತಿಯಿರಲಿಲ್ಲವಾಗಿ, ತುದಿಯನ್ನು ಹಲ್ಲಿನಿಂದ ಕಡಿದ ಗುರುತಿತ್ತು.

"ಯಾಕಮ್ಮ ನಗುತ್ತೀ? ಬರಿ ಬುಟ್ಟಿ ತಾನೆ?" ಎಂದ ಕಾವಲುಗಾರ.

"ಬೈಸಿಕೊಂಡೆನಪ್ಪಾ" ಎಂದಳು ಅವಳು. "ಬೈಸಿಕೊಂಡು ಒಂದು ವರ್ಷವಾಗಿತ್ತು."

ಅಂದಿನಿಂದ ಪ್ರತಿ ಬುಟ್ಟಿಯಲ್ಲೂ ಬೇಕೆಂದೇ ಒಂದು ತಪ್ಪು ಹೆಣೆದಳು. ತಿಂಗಳಿಂದ ತಿಂಗಳಿಗೆ ಅದನ್ನು ಇನ್ನಷ್ಟು ಮರೆಯಲ್ಲಿ ಇಟ್ಟಳು. ಅವನು ಒಂದನ್ನೂ ಬಿಡಲಿಲ್ಲ.

ಏಳು ವರ್ಷ ಮುಗಿದು ಗಂಡ ಹೊರಗೆ ಬಂದ. ಬಾಗಿಲಲ್ಲಿ ಅವಳನ್ನು ಕಂಡು ತಲೆ ತಗ್ಗಿಸಿದ. ತಲೆ ಎತ್ತದೆಯೇ ಕೇಳಿದ: "ಆರು ವರ್ಷ ತಿದ್ದಿದೆ. ಇನ್ನೂ ನೆಟ್ಟಗೆ ಹೆಣೆಯಲು ಬರಲಿಲ್ಲವೇನೆ ನಿನಗೆ?"

"ಬಂದುಬಿಟ್ಟಿದ್ದರೆ ಒಳಗೆ ಕೂತು ನೀನೇನು ಮಾಡುತ್ತಿದ್ದೆ?"

ಅವನು ಕೈ ಮುಗಿದ. ಗಂಡ ಹೆಂಡತಿಗೆ ಕೈ ಮುಗಿಯುವ ರೂಢಿ ಆ ಸೀಮೆಯಲ್ಲಿರಲಿಲ್ಲ. ಕಾವಲುಗಾರ ಮುಖ ಆಚೆ ತಿರುಗಿಸಿದ.

ಕತೆ ಮುಗಿಯಿತು. ಶಿಷ್ಯೆ ನಿಟ್ಟುಸಿರಿಟ್ಟಳು. "ಅವಳು ಪುಣ್ಯವಂತೆ, ಅಮ್ಮಾ. ಅವಳಿಗೆ ಒಂದು ಎಳೆಯಷ್ಟಾದರೂ ಉತ್ತರ ಬಂತು."

ತಾಯಿ ಕೇಳಿದಳು: "ನೀನು ಬಂದಿದ್ದೀ ಎಂದು ಕಾವಲುಗಾರ ಕೂಗಿದಾಗ, ನಿನ್ನಣ್ಣ ಎದ್ದು ಕಂಬಿಯ ಬಳಿ ಬಾರದೆ ಇದ್ದದ್ದು ಎಷ್ಟು ಸಲ?"