ಬಿಚ್ಚಬಾರದ ಕಾಯಿ

ತುಂಗಭದ್ರೆಯ ದಂಡೆಯ ಮೇಲೊಂದು ಸಣ್ಣ ಮಠ. ಅಲ್ಲಿ ಹಾಲಯ್ಯಜ್ಜ ಎಂಬ ಗುರು, ಗುಡ್ಡಪ್ಪ ಎಂಬ ಶಿಷ್ಯ. ಇಬ್ಬರೇ. ಮಠದ ಗುಡಿಯ ನಂದಾದೀಪಕ್ಕೆ ಎಣ್ಣೆ ಎರೆಯುವ ಕೆಲಸ ಹನ್ನೊಂದು ವರ್ಷದಿಂದ ಗುಡ್ಡಪ್ಪನದು.

ದೀಪಾವಳಿ ಹತ್ತಿರವಿದ್ದ ಒಂದು ಬೆಳಿಗ್ಗೆ ಗುಡ್ಡಪ್ಪ ಬಟ್ಟೆಯ ಗಂಟು ಹೆಗಲಿಗೇರಿಸಿಕೊಂಡು ಬಂದು ನಿಂತ.

"ನಾ ಹೊಂಟೀನ್ರಿ ಅಜ್ಜಾರ."

ಅಜ್ಜ ರೊಟ್ಟಿ ಮುರಿಯುತ್ತಿದ್ದ. "ಉಂಡು ಹೋಗು," ಎಂದ.

"ಈ ಮಠದ ರೊಟ್ಟಿ ತಿನ್ನೋ ಯೋಗ್ಯತಿ ನನಗಿಲ್ರಿ. ದೇವರ ಮ್ಯಾಲಿನ ನಂಬಿಕಿ ಹೋಗೇತಿ."

ಹೇಳಿಬಿಟ್ಟ. ಎರಡು ತಿಂಗಳಿಂದ ಹೇಳದೆ ಇಟ್ಟುಕೊಂಡಿದ್ದ ಮಾತು. ಅಜ್ಜ ಕಪಾಳಕ್ಕೆ ಬಿಗಿದಾನು, ಇಲ್ಲವೇ ಅತ್ತೇಬಿಟ್ಟಾನು ಎಂದು ಅವನು ಹೆದರಿದ್ದ. ಅಜ್ಜ ರೊಟ್ಟಿಗೆ ಚಟ್ನಿ ಹಚ್ಚಿಕೊಂಡ.

"ಯಾವಾಗ ಹೋತು?"

"ಅಕ್ಕ ಹೋದ ಮ್ಯಾಲೆ."

ಗುಡ್ಡಪ್ಪನನ್ನು ಎತ್ತಿ ಆಡಿಸಿ ಸಾಕಿದವಳು ಅಕ್ಕ ಫಕೀರವ್ವ. ಅವಳ ಹೊಟ್ಟೆಯಲ್ಲಿ ಗಡ್ಡೆ ಬೆಳೆದಾಗ, ಹಿಂದಿನ ಮಾಗಿಯಲ್ಲಿ, ಅವನು ಗುಡಿಯ ತೊಲೆಗೆ ಹರಕೆಯ ಕಾಯಿ ಕಟ್ಟಿದ್ದ.

ಆ ಗುಡಿಯ ಪದ್ಧತಿ ಅದು. ತೆಂಗಿನಕಾಯಿಯನ್ನು ಕೆಂಪು ಅರಿವೆಯಲ್ಲಿ ಸುತ್ತಿ, ಬೇಡಿಕೊಂಡು, ತೊಲೆಗೆ ಕಟ್ಟಬೇಕು. ಬೇಡಿದ್ದು ಈಡೇರಿದರೆ ಕಟ್ಟಿದವರೇ ಬಂದು ಬಿಚ್ಚಿ, ಒಡೆದು, ಹಂಚಬೇಕು. ಈಡೇರದಿದ್ದರೆ ಬಿಚ್ಚಬಾರದು. ಬಿಚ್ಚಿದರೆ ದೇವರ ಮೇಲಿನ ಆಸೆಯನ್ನೇ ಬಿಟ್ಟಂತೆ.

ಕಾಯಿ ಕಟ್ಟಿದ ಮೇಲೆ ಗುಡ್ಡಪ್ಪ ನಲವತ್ತೊಂದು ದಿನ ಒಪ್ಪತ್ತು ಉಂಡ. ಹೊಳೆಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ಉರುಳುಸೇವೆ ಮಾಡಿದ. ನಲವತ್ತೆರಡನೆಯ ದಿನ ಫಕೀರವ್ವ ತೀರಿಕೊಂಡಳು.

ಆಗಲೂ ಹೇಗೋ ತಡೆದುಕೊಂಡಿದ್ದ. ಶ್ರಾವಣದಲ್ಲಿ ಪುರಾಣ ಹೇಳಲು ಬಂದ ಶಾಸ್ತ್ರಿಗಳು ಅವನ ಮುಖ ನೋಡಲಾರದೆ ಸಮಾಧಾನ ಹೇಳಹೋದರು. "ಯಾರು ಎಷ್ಟು ಉಸಿರಾಡಬೇಕು, ಯಾರು ದಡ ಸೇರಬೇಕು, ಯಾರು ಮುಳುಗಬೇಕು, ಎಲ್ಲ ಸೃಷ್ಟಿಗೆ ಮೊದಲೇ ಬರೆದಾಗಿದೆಯಪ್ಪ," ಎಂದರು. ಒಳ್ಳೆಯ ಮನುಷ್ಯರು. ಅವರ ಸಮಾಧಾನವೇ ಇವನ ಬುಡ ಕಡಿಯಿತು.

"ಮೊದಲ ಬರದಿದ್ರ ಅಜ್ಜಾರ, ನಾ ಕಾಯಿ ಕಟ್ಟೋಕಿಂತ ಮೊದಲ ಅವ ಇಲ್ಲ ಅಂದಿದ್ನಲ್ರಿ? ಮತ್ತ ನಲವತ್ತೊಂದು ದಿನ ನನ್ನ ಯಾಕ ಉರುಳಿಸಿದ? ಬರದಿದ್ದಿಲ್ಲ, ಉಳಸಬಹುದಾಗಿತ್ತು ಅಂದ್ರ, ಯಾಕ ಉಳಸಲಿಲ್ಲ? ಎರಡರಾಗ ಯಾವುದು ಖರೇ, ಹೇಳ್ರಿ."

"ಗೊತ್ತಿಲ್ಲಪಾ," ಎಂದ ಅಜ್ಜ.

ಗುಡ್ಡಪ್ಪನಿಗೆ ಮೈಯೆಲ್ಲ ಉರಿಯಿತು. "ನೀವು ಗುರುಗಳು. ಗೊತ್ತಿಲ್ಲ ಅಂದ್ರ ಹೆಂಗ್ರಿ?"

"ಗೊತ್ತಿಲ್ಲದ್ದಕ್ಕ ಮತ್ತೇನನ್ನಲಿ?" ಅಜ್ಜ ಕೈ ತೊಳೆದು ಎದ್ದ. "ಹೋಗಾವ ಹೋಗು. ನಿನ್ನ ಕಾಯಿ ಬಿಚ್ಚಿಕೊಂಡು ಹೋಗು. ಏಣಿ ತಾ."

"ಈಡೇರದ್ದು ಬಿಚ್ಚಬಾರದಲ್ರಿ?"

"ನಂಬಿಕಿ ಹೋಗೇತಿ ಅಂದಿ. ಇದೊಂದು ಯಾಕ ಉಳಿಸ್ಕೊಂಡಿ?"

ಗುಡ್ಡಪ್ಪ ಏಣಿ ತಂದು ಹತ್ತಿದ. ಕೆಂಪು ಅರಿವೆಯ ಗಂಟಿನ ಮೇಲೆ ಕೈಯಿಟ್ಟ. ಕಟ್ಟಿದ ದಿನ ಅಕ್ಕ ಇನ್ನೂ ಇದ್ದಳು.

"ನನ್ನ ಕೈಲೆ ಆಗೂದಿಲ್ರಿ."

"ಇಳಿ ಹಂಗಾರ."

ಎಪ್ಪತ್ತು ದಾಟಿದ ಅಜ್ಜ ತಾನೇ ಏಣಿ ಹತ್ತಿ, ಒಂದೇ ಎಳೆತಕ್ಕೆ ಗಂಟು ಬಿಚ್ಚಿದ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದ. ಒಳಗೆ ಕೊಬ್ಬರಿ ಗಡಗಡ ಎಂದಿತು. ಅದನ್ನು ಶಿಷ್ಯನಿಗೆ ಕೊಟ್ಟವನು ಇಳಿಯಲಿಲ್ಲ. ಪಕ್ಕದ್ದನ್ನೂ ಬಿಚ್ಚಿದ. ಅದರಾಚೆಯದನ್ನೂ.

"ಅಜ್ಜಾರ! ಅವು ಮಂದೀವು!"

"ಹೂಂ. ಇದು ನೇಕಾರ ಓಣಿ ಗಿರಿಜವ್ವಂದು. ಗಂಡಗ ಕಣ್ಣು ಬರಲಿ ಅಂತ ಕಟ್ಟಿದ್ಲು, ಬರಲಿಲ್ಲ. ಇದು ಅಂಬಿಗರ ದುರುಗಪ್ಪಂದು. ಹೊಳೀಪಾಲಾದ ತಮ್ಮ ಜೀವಂತ ಸಿಗಲಿ ಅಂತ. ಹಿಡಕೋ, ಬಿದ್ದೀತು."

"ಇವನ್ನೇನ್ ಮಾಡ್ತೀರಿ?"

"ವರ್ಷಾ ವರ್ಷಾ ಏನ್ ಮಾಡ್ತೀನೋ ಅದನ್ನ. ಒಡದು, ಒಣಗಿಸಿ, ಗಾಣಕ್ಕ ಒಯ್ತೀನಿ. ಹನ್ನೊಂದು ವರ್ಷ ದೀಪಕ್ಕ ಎಣ್ಣಿ ಎರದಿ. ಎಲ್ಲಿಂದ ಬರ್ತೈತಿ ಅಂತ ಒಂದಿನಾನೂ ಕೇಳಲಿಲ್ಲ."

ಗುಡ್ಡಪ್ಪ ಕೈಯಲ್ಲಿದ್ದ ಕಾಯಿಗಳನ್ನು ಕೆಳಗಿಟ್ಟ. ಪ್ರತಿ ವರ್ಷ ಇದೇ ಹೊತ್ತಿಗೆ ಅಜ್ಜ ತನ್ನನ್ನು ಎಂಟು ದಿನ ಪರ ಊರಿಗೆ ಭಿಕ್ಷೆಗೆ ಅಟ್ಟುತ್ತಿದ್ದುದು ನೆನಪಾಯಿತು. ತಿರುಗಿ ಬರುವಾಗ ತೊಲೆ ಖಾಲಿಯಾಗಿರುತ್ತಿತ್ತು. ದೇವರೇ ತೆಗೆದುಕೊಂಡ ಎಂದು ಊರವರ ಜೊತೆ ಇವನೂ ಕೈ ಮುಗಿಯುತ್ತಿದ್ದ.

"ಮಂದಿಗೆ ಹೇಳೂದಿಲ್ಲೇನ್ರಿ?"

"ಕೇಳಿದವ್ರಿಗೆ ಹೇಳ್ತೀನಿ. ಯಾರೂ ಕೇಳೂದಿಲ್ಲ."

ಅಜ್ಜ ಇಳಿದು ಕುಳಿತ. ಮೂಲೆಯ ಕತ್ತಲಲ್ಲಿ, ಗುಡ್ಡಪ್ಪ ಎಂದೂ ಗಮನಿಸದಿದ್ದ, ಇನ್ನೂ ಒಂದು ಕಾಯಿ ತೂಗುತ್ತಿತ್ತು. ಅದರ ಅರಿವೆಗೆ ಬಣ್ಣವೇ ಉಳಿದಿರಲಿಲ್ಲ.

"ಅದೊಂದು ಬಿಟ್ರಲ್ರಿ?"

ಅಜ್ಜ ತಲೆಯೆತ್ತಿ ಅದರತ್ತ ನೋಡಿದ.

"ಅದು ನಂದು," ಎಂದ. "ಸಂಸಾರದಾಗ ಇದ್ದಾಗ ಮಗಳಿಗೆ ಜ್ವರ ಬಂದಿತ್ತು. ಮೂವತ್ತು ವರ್ಷ ಆತು. ಮಂದೀವು ಎಲ್ಲಾ ಬಿಚ್ಚೀನಿ. ಇದಕ್ಕ ಕೈ ಏಳೂದಿಲ್ಲ."

ಗುಡ್ಡಪ್ಪ ಅವನನ್ನೇ ನೋಡಿದ. ಈ ಮುದುಕನಿಗೆ ಹೇಳಲು ತಾನು ಎರಡು ತಿಂಗಳು ಹೆದರಿದ್ದೆನಲ್ಲ ಎನಿಸಿತು.

ಅವನು ಏಣಿಯನ್ನು ಮೂಲೆಗೆ ಸರಿಸಿ ಹತ್ತಿದ. ಗಂಟು ಕಲ್ಲಾಗಿತ್ತು. ಉಗುರಿಗೆ ಬಗ್ಗದಾಗ ಹಲ್ಲಿನಿಂದ ಎಳೆದ. ಕಾಯಿಯನ್ನು ತಂದು ಅಜ್ಜನ ಮಡಿಲಲ್ಲಿಟ್ಟ.

ಅಜ್ಜ ಅದನ್ನು ಅಂಗೈಯಿಂದ ಸವರಿದ. ಆಮೇಲೆ ಗೊಳೋ ಎಂದು ಅತ್ತ. ಗುಡ್ಡಪ್ಪನೂ ಪಕ್ಕದಲ್ಲೇ ಕುಳಿತು ಅತ್ತ. ಅಕ್ಕ ಸತ್ತ ಮೇಲೆ ಯಾರ ಮೇಲೂ ಸಿಟ್ಟಿಲ್ಲದೆ ಅತ್ತದ್ದು ಅದೇ ಮೊದಲು. ಅತ್ತು ಮುಗಿದಾಗ ಎದೆ ಹಗುರಾಗಿತ್ತು, ಹೊಟ್ಟೆ ಹಸಿದಿತ್ತು. ಮೂರು ರೊಟ್ಟಿ ತಿಂದ.

ಹಗಲಿಡೀ ಇಬ್ಬರೂ ಕಾಯಿ ಒಡೆದು ಬಂಡೆಯ ಮೇಲೆ ಒಣಹಾಕಿದರು. ಗುಡ್ಡಪ್ಪ ಹತ್ತಬೇಕಿದ್ದ ಬೆಳಗಿನ ದೋಣಿ ಹೋಯಿತು. ಮಧ್ಯಾಹ್ನದ ದೋಣಿಯೂ ಹೋಯಿತು. ಬಟ್ಟೆಯ ಗಂಟಿನ ಮೇಲೆ ಮಠದ ಬೆಕ್ಕು ಮಲಗಿತ್ತು. ಅದನ್ನು ಯಾರೂ ಎಬ್ಬಿಸಲಿಲ್ಲ.

ಸಂಜೆ ದೀಪದ ಎಣ್ಣೆ ತಳ ಕಂಡಿತು. ಅಜ್ಜ ಒಳಗಿನಿಂದ ಹಿಂದಿನ ವರ್ಷದ ಎಣ್ಣೆಯ ಗಡಿಗೆ ಹೊತ್ತು ತಂದ.

ಗುಡ್ಡಪ್ಪ ಬಾಗಿಲಲ್ಲೇ ನಿಂತ. "ಅಜ್ಜಾರ, ನಂಬಿಕಿ ತಿರುಗಿ ಬಂದಿಲ್ರಿ."

"ಬಂದೈತಿ ಅಂತ ನಾ ಎಲ್ಲಿ ಅಂದೆ?"

"ಹಂಗ ಇದ್ರೂ ಇಲ್ಲಿ ಇರಬಹುದೇನ್ರಿ?"

"ಮೂವತ್ತು ವರ್ಷ ನಾ ಇದ್ದಿಲ್ಲೇನು?"

ಗುಡ್ಡಪ್ಪನಿಗೆ ನಗು ಬಂತು. ಆದರೂ ಒಂದು ಮಾತು ಖಡಾಖಂಡಿತ ಹೇಳಿಬಿಡಬೇಕೆನಿಸಿತು. "ಎಣ್ಣಿ ಎರೀತೀನ್ರಿ. ಆದ್ರ ಕೈ ಮುಗಿಯೂದಿಲ್ಲ."

ಅಜ್ಜ ತುಂಬಿದ ಗಡಿಗೆಯನ್ನು ಅವನತ್ತ ಚಾಚಿದ.

"ಮುಗೀಬ್ಯಾಡ. ಎರಡೂ ಕೈಲೆ ಗಟ್ಟಿ ಹಿಡಿ. ಚೆಲ್ಲೀತು."