ಹೆಸರಿಗೆ ಸಾಲ

"ಗುರುಗಳೇ, ಒಮ್ಮೆ ಮೋಸ ಹೋದವನು ಆಮೇಲೆ ಎಲ್ಲರನ್ನೂ ಅನುಮಾನದಿಂದ ನೋಡಿದರೆ ಅದು ತಪ್ಪೇ?" ಎಂದು ಪರ್ವತಯ್ಯ ಕೇಳಿದ.

ಪರ್ವತಯ್ಯ ಮಠಕ್ಕೆ ಹೊಸಬನಲ್ಲ. ಬಾಯಿಗೆ ಬಂದದ್ದನ್ನು ಕೇಳುವ ಶಿಷ್ಯನೂ ಅಲ್ಲ. ಗುರುಗಳು ಅವನ ಮುಖವನ್ನೇ ನೋಡಿದರು. ತಪ್ಪು ಎನ್ನಲಿಲ್ಲ, ಸರಿ ಎನ್ನಲಿಲ್ಲ. ಕೂತುಕೊಳ್ಳಲು ಹೇಳಿ ಕತೆ ತೆಗೆದರು.

ಒಂದು ರಾಜ್ಯದಲ್ಲಿ ದ್ಯಾಮಣ್ಣನೆಂಬ ಗುತ್ತಿಗೆದಾರನಿದ್ದ. ಅವನದು ಕಲ್ಲುಕೆಲಸ. ಅರಮನೆಯವರು ಕೋಟೆ ಕಟ್ಟಿಸಲಿ, ಸೇತುವೆ ಕಟ್ಟಿಸಲಿ, ಕೆರೆಗೆ ತೂಬು ಇಡಿಸಲಿ, ಇಂಥ ಕೆಲಸಕ್ಕೆ ಇಂತಿಷ್ಟು ಎಂದು ಮಾತಾಡಿ ಗುತ್ತಿಗೆ ಕೊಡುತ್ತಿದ್ದರು. ದ್ಯಾಮಣ್ಣ ಆಳುಗಳನ್ನು ಕಟ್ಟಿಕೊಂಡು ಹೋಗಿ ಕೆಲಸ ಮುಗಿಸಿಕೊಡುತ್ತಿದ್ದ. ಕೆಲಸದಲ್ಲಿ ಅವನು ಕಳ್ಳನಲ್ಲ. ಅವನು ಕೂರಿಸಿದ ಕಲ್ಲು ಅಲುಗಿದ್ದನ್ನು ಕಂಡವರಿಲ್ಲ.

ಅವನಿಗೆ ಆ ಕಸುಬು ಕಲಿಸಿದವನು ಅವನ ಅಕ್ಕನ ಗಂಡ. ತಂದೆ ತೀರಿಕೊಂಡ ಮೇಲೆ ಅಕ್ಕ ಮತ್ತು ಭಾವ ಅವನನ್ನು ತಮ್ಮ ಮನೆಯಲ್ಲಿ ಇಟ್ಟುಕೊಂಡು ಸಾಕಿದರು. ಭಾವನೂ ಗುತ್ತಿಗೆದಾರನೇ. ದ್ಯಾಮಣ್ಣ ದೊಡ್ಡವನಾಗಿ ಬೇರೆ ಮನೆ ಮಾಡಿದ ಮೇಲೆ ಪ್ರತಿ ವರ್ಷ ನಾಗರಪಂಚಮಿಗೆ ತಾನೇ ಬಂಡಿ ಹೊಡೆದುಕೊಂಡು ಹೋಗಿ ಅಕ್ಕನನ್ನು ಕರೆತರುತ್ತಿದ್ದ.

ಆ ರಾಜ್ಯದಲ್ಲಿ ಗುತ್ತಿಗೆಯ ಹಣ ಕೈಗೆ ಬಂದರೆ ಐದರಲ್ಲೊಂದು ಪಾಲನ್ನು ಸುಂಕವೆಂದು ಅರಮನೆಗೆ ಕಟ್ಟಬೇಕಿತ್ತು. ಎಲ್ಲರೂ ಗೊಣಗುತ್ತಿದ್ದರು. ಗೊಣಗುತ್ತಲೇ ಕಟ್ಟುತ್ತಿದ್ದರು.

ಹೀಗಿರುವಾಗ ಪೇಟೆಗೆ ಒಬ್ಬ ಸಾಹುಕಾರ ಬಂದು ಅಂಗಡಿ ತೆರೆದ. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಶಾಸ್ತ್ರ. ಗುತ್ತಿಗೆದಾರರನ್ನು ಒಬ್ಬೊಬ್ಬರನ್ನಾಗಿ ಕರೆದು ಕೂರಿಸಿ ಅವನು ಒಂದೇ ಮಾತು ಹೇಳಿದ.

"ಗುತ್ತಿಗೆಯ ಹಣವನ್ನು ನೀವು ಕೈಯಲ್ಲಿ ಮುಟ್ಟಲೇಬೇಡಿ. ಅದು ನನ್ನ ಅಂಗಡಿಗೆ ಬರಲಿ. ನಾನು ಅದನ್ನೇ ನಿಮಗೆ ಸಾಲವೆಂದು ಕೊಡುತ್ತೇನೆ. ದುಡಿಮೆಗೆ ಸುಂಕವುಂಟು, ಸಾಲಕ್ಕೆ ಎಲ್ಲಿಯ ಸುಂಕ? ನನ್ನ ಓಡಾಟಕ್ಕೆಂದು ಒಂದಿಷ್ಟು ಹಿಡಿದುಕೊಳ್ಳುತ್ತೇನೆ, ಅಷ್ಟೇ."

"ಸಾಲ ಅಂದಮೇಲೆ ತೀರಿಸಬೇಕಲ್ಲ?" ಎಂದು ದ್ಯಾಮಣ್ಣ ಕೇಳಿದ.

ಸಾಹುಕಾರ ನಕ್ಕ. "ಹೆಸರಿಗೆ ಸಾಲ ಕಣಯ್ಯ. ನೀನು ದುಡಿದ ಹಣವನ್ನು ನಿನ್ನಿಂದಲೇ ವಾಪಸು ಕೇಳುವಷ್ಟು ಪಾಪಿಯೇ ನಾನು?"

ದ್ಯಾಮಣ್ಣನಿಗೆ ಮನಸ್ಸಿನಲ್ಲಿ ಏನೋ ಚುಚ್ಚಿತು. ಅರಮನೆಯ ಕಾಮಗಾರಿ ನೋಡಿಕೊಳ್ಳುವ ಪಾರುಪತ್ಯಗಾರನ ಬಳಿಗೆ ಹೋಗಿ ಇದು ಸರಿಯೇ ಎಂದು ವಿಚಾರಿಸಿದ. ಪಾರುಪತ್ಯಗಾರ ತಲೆಯೆತ್ತಲಿಲ್ಲ. "ಎಲ್ಲರೂ ಅಲ್ಲಿಗೇ ಹೋಗುತ್ತಿದ್ದಾರೆ. ನಮಗೂ ಒಂದೇ ಅಂಗಡಿಗೆ ಹಣ ಸುರಿದು ಕೈ ತೊಳೆದುಕೊಳ್ಳುವುದು ಸಲೀಸು. ಹೋಗದವನಿಗೆ ಮುಂದಿನ ಗುತ್ತಿಗೆ ಸಿಗುವುದು ಕಷ್ಟ" ಎಂದ.

ಅರಮನೆಯವನೇ ಹೀಗೆಂದ ಮೇಲೆ ಇನ್ನೇನು? ದ್ಯಾಮಣ್ಣ ಸಾಲಪತ್ರಕ್ಕೆ ರುಜು ಹಾಕಿದ. ಆಮೇಲೆ ಭಾವನ ಮನೆಗೆ ಹೋಗಿ, "ನೀವೂ ಬನ್ನಿ ಭಾವ" ಎಂದು ಕರೆದ.

ಭಾವ, "ಬೆವರು ಸುರಿಸಿ ತಂದದ್ದನ್ನು ಸಾಲ ಅಂತ ನನ್ನ ಬಾಯಲ್ಲಿ ಹೇಳಲಿಕ್ಕಾಗುವುದಿಲ್ಲ. ನನಗೆ ಇದರ ತಲೆಬುಡ ತಿಳಿಯುವುದಿಲ್ಲಪ್ಪ. ನಾನು ಇದ್ದ ಹಾಗೇ ಇರುತ್ತೇನೆ" ಎಂದ.

ಭಾವನಿಗೆ ವಯಸ್ಸಾಯಿತು ಎಂದುಕೊಂಡು ದ್ಯಾಮಣ್ಣ ಮನೆಗೆ ಬಂದ.

ವರ್ಷಗಳು ಕಳೆದವು. ಸಾಹುಕಾರನ ಅಂಗಡಿಗೆ ಹೋದವರಿಗೆ ಕೋಟೆಯ ಕೆಲಸ ಸಿಕ್ಕಿತು, ಸೇತುವೆಯ ಕೆಲಸ ಸಿಕ್ಕಿತು. ಭಾವನಿಗೆ ಬಾವಿಯ ಮೆಟ್ಟಿಲು, ದನಗಳಿಗೆ ನೀರು ಕುಡಿಸುವ ಬಾನಿ, ಇಂಥ ಚಿಲ್ಲರೆ ಕೆಲಸಗಳೇ ಉಳಿದವು. ದ್ಯಾಮಣ್ಣ ಮನೆಗೆ ಮಹಡಿ ಎಬ್ಬಿಸಿದ. ಪಂಚಮಿಗೆ ಬಂದ ಅಕ್ಕನಿಗೆ ಸೀರೆ ಕೊಡುತ್ತ, "ಭಾವ ಇನ್ನೂ ಸುಂಕ ಕಟ್ಟುತ್ತಲೇ ಇದ್ದಾರಾ?" ಎಂದು ತಮಾಷೆ ಮಾಡುತ್ತಿದ್ದ. ಅಕ್ಕನೂ ನಗುತ್ತಿದ್ದಳು.

ಆಮೇಲೆ ಯುದ್ಧ ಬಂತು. ಯುದ್ಧ ಮುಗಿಯುವ ಹೊತ್ತಿಗೆ ಬೊಕ್ಕಸದ ತಳ ಕಾಣುತ್ತಿತ್ತು. ಅರಮನೆಗೆ ಹೊಸ ಸುಂಕದ ಅಧಿಕಾರಿ ಬಂದ. ಬಂದವನೇ ಡಂಗುರ ಹೊಡೆಸಿದ. ಸಾಹುಕಾರನ ಅಂಗಡಿಯಿಂದ ಗುತ್ತಿಗೆದಾರರು ಪಡೆದದ್ದು ಸಾಲವಲ್ಲ, ದುಡಿಮೆ. ಹಿಂದಿನ ಅಷ್ಟೂ ವರ್ಷಗಳ ಸುಂಕವನ್ನು ಬಡ್ಡಿ ಸಮೇತ ಕಟ್ಟಬೇಕು. ದೀಪಾವಳಿಯೊಳಗೆ ತಾವಾಗಿ ಬಂದು ಒಪ್ಪಿಕೊಂಡವರಿಗೆ ಬಡ್ಡಿ ಮಾಫಿ.

ಗುತ್ತಿಗೆದಾರರು ಸಾಹುಕಾರನ ಅಂಗಡಿಗೆ ಓಡಿದರು. ಬಾಗಿಲಿಗೆ ಬೀಗ ಬಿದ್ದಿತ್ತು. ಅಕ್ಕಪಕ್ಕದವರನ್ನು ಕೇಳಿದರೆ ಆ ಮನುಷ್ಯ ಯಾವ ಊರಿನವನೆಂಬುದೇ ಯಾರಿಗೂ ಗೊತ್ತಿರಲಿಲ್ಲ.

ಎಲ್ಲರೂ ಚಾವಡಿಯಲ್ಲಿ ಸೇರಿದರು. "ಯಾರೋ ಚಾಡಿ ಹೇಳಿದ್ದಾರೆ. ಇಲ್ಲದಿದ್ದರೆ ಇಷ್ಟು ವರ್ಷ ತಿಳಿಯದ್ದು ಈಗ ಹೇಗೆ ತಿಳಿಯಿತು?" ಎಂದು ಒಬ್ಬ ಹೇಳಿದ. ಆ ಮಾತು ಬಿದ್ದದ್ದೇ ತಡ, ಒತ್ತಿಕೊಂಡು ಕೂತಿದ್ದವರು ಸ್ವಲ್ಪ ಸ್ವಲ್ಪವೇ ಸರಿದು ಕೂತರು. ಒಬ್ಬರ ಮುಖವನ್ನೊಬ್ಬರು ಓರೆಗಣ್ಣಿನಿಂದ ನೋಡಿದರು. ಕೊನೆಗೆ ಇನ್ನೊಬ್ಬ, "ನಮ್ಮ ಜೊತೆ ಸೇರದೆ ಉಳಿದವನು ಒಬ್ಬನೇ" ಎಂದ.

ಎಲ್ಲರ ಕಣ್ಣೂ ದ್ಯಾಮಣ್ಣನ ಮೇಲೆ ಬಿತ್ತು.

ನನ್ನ ಭಾವ ಅಂಥವನಲ್ಲ ಎಂದು ಅವನು ಹೇಳಬಹುದಿತ್ತು. ಹೇಳಲಿಲ್ಲ. ಅಷ್ಟೇ ಸಾಕಾಯಿತು. ಮರುದಿನದಿಂದ ಸುಣ್ಣದ ಗೂಡಿನವರು ಗುತ್ತಿಗೆದಾರರ ಮಾತು ಕೇಳಿ ಭಾವನಿಗೆ ಸುಣ್ಣ ಕೊಡಲಿಲ್ಲ. ಆಳುಗಳು ಅವನ ಕೆಲಸಕ್ಕೆ ಬರುವುದನ್ನು ಬಿಟ್ಟರು.

ದ್ಯಾಮಣ್ಣ ಮನೆಯಲ್ಲಿ ಕೂತು ಯೋಚಿಸಿದ. ಒಮ್ಮೆ ಅನುಮಾನ ಹೊಕ್ಕಿತೆಂದರೆ ಅದಕ್ಕೆ ಮೇವು ಎಲ್ಲ ಕಡೆಯೂ ಸಿಗುತ್ತದೆ. ಭಾವ ಸುಂಕದ ಕಟ್ಟೆಗೆ ಹೋಗಿಬರುವುದನ್ನು ಅವನು ಎಷ್ಟೋ ಸಲ ಕಂಡಿದ್ದ. ಸುಂಕ ಕಟ್ಟುವವನು ಅಲ್ಲಿಗೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು? ಆದರೆ ಈಗ ಅದೇ ಸಾಕ್ಷಿಯಾಯಿತು. ತಲೆಬುಡ ತಿಳಿಯುವುದಿಲ್ಲ ಎಂದಿದ್ದನಲ್ಲ, ಎಲ್ಲ ತಿಳಿದೇ ಹಾಗೆಂದನೇ? ಪಂಚಮಿಯ ತಮಾಷೆಗೆ ಅಕ್ಕ ನಕ್ಕಿದ್ದಳಲ್ಲ, ಆ ನಗುವಿನಲ್ಲಿ ಏನಿತ್ತು?

ಆ ವರ್ಷದ ಪಂಚಮಿ ಬಂತು. ದ್ಯಾಮಣ್ಣ ಬಂಡಿ ಹೂಡಲಿಲ್ಲ. ಅಕ್ಕ ಬಾಗಿಲಲ್ಲಿ ನಿಂತು ದಾರಿ ಕಾಯುತ್ತಿರುತ್ತಾಳೆಂದು ಅವನಿಗೆ ಗೊತ್ತಿತ್ತು. ಹೆಂಡತಿ ಎರಡು ಸಲ ನೆನಪಿಸಿದಳು. ಗೊತ್ತಿದ್ದೂ ಅವನು ಹೋಗಲಿಲ್ಲ.

ಹಬ್ಬ ಕಳೆದ ಮೇಲೆ ಭಾವನೇ ನಡೆದುಕೊಂಡು ಬಂದ. ಕೈಯಲ್ಲಿ ಒಂದು ಗಂಟಿತ್ತು. ದ್ಯಾಮಣ್ಣ ಹೊಸಿಲಿನ ಒಳಗೇ ನಿಂತ. ಬನ್ನಿ ಎನ್ನಲಿಲ್ಲ.

"ಮಗಳ ಮದುವೆಗೆ ಅಂತ ಕೂಡಿಟ್ಟದ್ದು ಸ್ವಲ್ಪ ಇದೆ. ನಿನ್ನ ಅಕ್ಕ ಕೊಟ್ಟು ಬಾ ಅಂದಳು" ಎಂದು ಭಾವ ಹೊರಗೆ ನಿಂತೇ ಹೇಳಿದ. "ಮದುವೆ ಮುಂದಿನ ವರ್ಷವಾದರೂ ಆದೀತು. ಗಡುವು ಮುಗಿಯುವ ಮುಂಚೆ ಇಬ್ಬರೂ ಅಧಿಕಾರಿಯ ಹತ್ತಿರ ಹೋಗೋಣ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡು. ನಾನೂ ಜೊತೆಗಿರುತ್ತೇನೆ."

ದ್ಯಾಮಣ್ಣನಿಗೆ ಕೇಳಿಸಿದ್ದು ಬೇರೆ. ತಪ್ಪೊಪ್ಪಿಕೋ ಅನ್ನುತ್ತಿದ್ದಾನೆ. ಅಧಿಕಾರಿಯ ಹತ್ತಿರ ತಾನೇ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಿದ್ದಾನೆ. ಹಿಡಿದುಕೊಟ್ಟವನಿಗೆ ಎಷ್ಟು ಕೊಡುತ್ತಾರೋ! ತಪ್ಪು ಮಾಡದವನು ಮಗಳ ಮದುವೆಯ ಹಣವನ್ನು ಯಾಕೆ ತರುತ್ತಾನೆ?

"ಚಾಡಿ ಹೇಳಿ ಬಂದ ಹಣ ನನಗೆ ಬೇಡ" ಎಂದ. ಭಾವ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ಹಾಕಿ ಅಗುಳಿ ಜಡಿದ.

ದೀಪಾವಳಿ ಕಳೆಯಿತು. ಗುತ್ತಿಗೆದಾರರಲ್ಲಿ ಒಬ್ಬನೂ ಒಪ್ಪಿಕೊಳ್ಳಲಿಲ್ಲ. ಅದು ಸಾಲವೇ ಎಂದು ವಾದಿಸುವುದೆಂದು ಎಲ್ಲರೂ ಮಾತಾಡಿಕೊಂಡಿದ್ದರು. ಅಧಿಕಾರಿ ಮೊದಲು ದ್ಯಾಮಣ್ಣನನ್ನು ಕರೆಸಿದ. ದ್ಯಾಮಣ್ಣ ದೇವರ ಪಟದ ಮುಂದೆ ಕೈ ಚಾಚಿ, "ನಾನು ಪಡೆದದ್ದು ಸಾಲ. ನನ್ನ ದುಡಿಮೆ ಅಲ್ಲ" ಎಂದು ಪ್ರಮಾಣ ಮಾಡಿದ. ಮೂಲೆಯಲ್ಲಿ ಯಾರೋ ಅಪರಿಚಿತ ಕೂತಿದ್ದ. ಅರಮನೆಯ ಗೂಢಚಾರನಿರಬೇಕು ಎಂದು ದ್ಯಾಮಣ್ಣ ಅವನ ಕಡೆ ನೋಡದೆ ಹೊರಬಂದ.

ಮಧ್ಯಾಹ್ನ ಆ ಅಪರಿಚಿತ ಮನೆಗೇ ಬಂದ.

"ನಾನು ಅರಮನೆಯವನಲ್ಲ" ಎಂದ. "ವ್ಯಾಪಾರಿ. ಸಾಹುಕಾರ ಊರು ಬಿಡುವಾಗ ನಿಮ್ಮೆಲ್ಲರ ಸಾಲಪತ್ರಗಳನ್ನು ನನಗೆ ಮಾರಿದ. ನಿನ್ನ ಸಾಲವನ್ನು ವಸೂಲಿ ಮಾಡಲು ಬಂದಿದ್ದೇನೆ."

ದ್ಯಾಮಣ್ಣ ಕೈ ಮುಗಿದ. "ಸ್ವಾಮಿ, ಅದು ಹೆಸರಿಗೆ ಮಾತ್ರ ಸಾಲ. ನಾನು ಕಲ್ಲು ಹೊತ್ತು ದುಡಿದ ಹಣ ಅದು" ಎಂದ.

"ಬೆಳಿಗ್ಗೆ ದೇವರ ಮುಂದೆ ಸಾಲ ಅಂದೆಯಲ್ಲ? ನಾನು ಅಲ್ಲೇ ಕೂತು ಕೇಳಿದ್ದೇನೆ."

ಅರಮನೆ ಅದನ್ನು ದುಡಿಮೆ ಎಂದು ಸುಂಕ ಕೇಳುತ್ತಿತ್ತು. ವ್ಯಾಪಾರಿ ಅದನ್ನೇ ಸಾಲ ಎಂದು ಪೂರ್ತಿ ಅಸಲು ಕೇಳುತ್ತಿದ್ದ. ಎರಡಕ್ಕೂ ಕೊರಳು ದ್ಯಾಮಣ್ಣನದೇ. ಅವನು ಉಟ್ಟ ಬಟ್ಟೆಯಲ್ಲೇ ಅಧಿಕಾರಿಯ ಬಳಿಗೆ ಓಡಿದ. "ಬೆಳಿಗ್ಗೆ ಹೇಳಿದ್ದು ಸುಳ್ಳು. ಅದು ನನ್ನ ದುಡಿಮೆ" ಎಂದು ಕಾಲಿಗೆ ಬಿದ್ದ.

ಅಧಿಕಾರಿ ಅವನು ಹೇಳಿದ್ದನ್ನೆಲ್ಲ ಬರೆಸಿಕೊಂಡ. ದುಡಿಮೆ ಎಂದು ತೀರ್ಮಾನವಾದ ಮೇಲೆ ವ್ಯಾಪಾರಿಯ ಕಾಟ ತಪ್ಪಿತು. ಆದರೆ ಸುಂಕ ಉಳಿಯಿತು. ಗಡುವು ಮುಗಿದಿದ್ದರಿಂದ ಬಡ್ಡಿ ಸೇರಿತು. ಸುಳ್ಳು ಪ್ರಮಾಣಕ್ಕೆ ದಂಡ ಬಿತ್ತು. ಮಹಡಿ ಮನೆ ಹೋಯಿತು, ಎತ್ತು ಬಂಡಿ ಹೋಯಿತು, ಹೆಂಡತಿಯ ಮೈಮೇಲಿನ ಒಡವೆಯೂ ಹೋಯಿತು.

ಕೊನೆಯ ಕಂತು ಕಟ್ಟಿದ ದಿನ ದ್ಯಾಮಣ್ಣ ಹೊರಡದೆ ಅಲ್ಲೇ ನಿಂತ. "ಒಡೆಯರೇ, ಒಂದು ಮಾತು. ನಮ್ಮ ವಿಷಯ ನಿಮಗೆ ಹೇಳಿದವರು ಯಾರು? ನನ್ನ ಭಾವನೇ?"

"ಯಾರು ನಿನ್ನ ಭಾವ?" ಎಂದ ಅಧಿಕಾರಿ. "ಹೇಳುವುದಕ್ಕೆ ಯಾರಾದರೂ ಯಾಕೆ ಬೇಕು? ಅರಮನೆಗೆ ಮೊದಲ ವರ್ಷದಿಂದಲೂ ಗೊತ್ತಿತ್ತು."

ಅವನ ಪಕ್ಕದಲ್ಲಿ ಕೂತು ಹಣ ಎಣಿಸುತ್ತಿದ್ದವನು ಆ ಹಳೆಯ ಪಾರುಪತ್ಯಗಾರನೇ. ಅವನು ಈಗಲೂ ತಲೆಯೆತ್ತಲಿಲ್ಲ.

"ಗೊತ್ತಿದ್ದೂ ಇಷ್ಟು ವರ್ಷ ಸುಮ್ಮನಿದ್ದಿರಾ?"

"ಆಗ ಬೊಕ್ಕಸ ತುಂಬಿತ್ತು" ಎಂದ ಅಧಿಕಾರಿ.

ದ್ಯಾಮಣ್ಣ ಹೊರಗೆ ಬಂದರೆ ಉಳಿದ ಗುತ್ತಿಗೆದಾರರು ಅಂಗಳದಲ್ಲಿ ನಿಂತಿದ್ದರು. ದ್ಯಾಮಣ್ಣನೇ ದುಡಿಮೆ ಎಂದು ಒಪ್ಪಿದ್ದಾನೆ, ನಿಮ್ಮದು ಅದಕ್ಕಿಂತ ಬೇರೆಯೇ ಎಂದು ಅಧಿಕಾರಿ ಅವರ ವಾದವನ್ನೆಲ್ಲ ಮುರಿದಿದ್ದ. ಅವರಲ್ಲೊಬ್ಬ ದ್ಯಾಮಣ್ಣನ ಕಾಲ ಬಳಿ ಉಗುಳಿದ. "ಚಾಡಿಕೋರ ನಮ್ಮೊಳಗೇ ಇದ್ದ ನೋಡಿ" ಎಂದ.

ದ್ಯಾಮಣ್ಣ ಅವರನ್ನು ದಾಟಿ ನಡೆದ. ಅಲ್ಲಿಂದ ನೇರವಾಗಿ ಅಕ್ಕನ ಊರಿನ ದಾರಿ ಹಿಡಿದ. ನಡೆಯುತ್ತ ಏನು ಹೇಳಬೇಕೆಂದು ಯೋಚಿಸಿದ. ಅಕ್ಕನ ಕಾಲು ಹಿಡಿದರೆ ಸಾಕು, ಮಾತು ತಾನಾಗಿ ಬರುತ್ತದೆ ಎಂದುಕೊಂಡ.

ಅಕ್ಕನ ಮನೆಯಲ್ಲಿ ಬೇರೆ ಯಾರೋ ಇದ್ದರು. ಎದುರು ಮನೆಯ ಅಜ್ಜಿ ಜಗಲಿಯಲ್ಲಿ ಕೂತು ಹತ್ತಿ ಬಿಡಿಸುತ್ತಿದ್ದಳು. ಪಂಚಮಿಯ ಬಂಡಿಯನ್ನು ಪ್ರತಿ ವರ್ಷ ಕಂಡಿದ್ದವಳು ಅವಳು.

"ಅಜ್ಜಿ, ನಮ್ಮ ಅಕ್ಕ?"

"ಸುಣ್ಣ ಕೊಡುವವರಿಲ್ಲ, ಕೆಲಸಕ್ಕೆ ಬರುವವರಿಲ್ಲ. ಎಷ್ಟು ದಿನ ಅಂತ ಇರುತ್ತಾರೆ? ಮನೆ ಮಾರಿ ಮಕ್ಕಳನ್ನು ಕಟ್ಟಿಕೊಂಡು ಬೇರೆ ರಾಜ್ಯಕ್ಕೆ ಹೋದರು."

"ಯಾವ ಕಡೆಗೆ ಹೋದರು ಅಜ್ಜಿ?"

ಅಜ್ಜಿ ಕೈಯಲ್ಲಿದ್ದ ಹತ್ತಿಯನ್ನು ಕೆಳಗಿಟ್ಟು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಗೊತ್ತು. ಆದರೆ ನಿನಗೆ ಹೇಳುವುದಿಲ್ಲ. ನೀನು ಸುಂಕದವರ ಜೊತೆ ಸೇರಿಕೊಂಡಿದ್ದೀಯಂತೆ. ಯಾವ ನಂಬಿಕೆಯ ಮೇಲೆ ಹೇಳಲಿ?"

ದ್ಯಾಮಣ್ಣ ನಾನು ಅಂಥವನಲ್ಲ ಎಂದ. ಅಜ್ಜಿ ಮತ್ತೆ ಹತ್ತಿ ಬಿಡಿಸತೊಡಗಿದಳು. ಅವನು ಅಲ್ಲಿ ಬಹಳ ಹೊತ್ತು ನಿಂತಿದ್ದು ಬಂದ ದಾರಿಯಲ್ಲೇ ತಿರುಗಿ ಹೋದ. ಅಕ್ಕನ ಸುದ್ದಿ ಅವನಿಗೆ ಕೊನೆಯವರೆಗೂ ಸಿಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಪರ್ವತಯ್ಯನ ಮುಖ ಕೆಂಪಾಗಿತ್ತು. "ಇದು ಘೋರ ಅನ್ಯಾಯ, ಗುರುಗಳೇ. ಆ ಅಂಗಡಿಗೆ ಕಳಿಸಿದ್ದೇ ಅರಮನೆಯವನು. ಎಲ್ಲ ತಿಳಿದೂ ಸುಮ್ಮನಿದ್ದು, ಬೊಕ್ಕಸ ಬರಿದಾದಾಗ ಕುತ್ತಿಗೆ ಹಿಡಿದರು. ಇದಕ್ಕಿಂತ ದೊಡ್ಡ ಅನ್ಯಾಯವುಂಟೇ?"

"ಅನ್ಯಾಯವೇ," ಎಂದರು ಗುರುಗಳು, "ಆದರೆ ದ್ಯಾಮಣ್ಣ ಬಾಗಿಲು ಹಾಕಿದ್ದು ಅರಮನೆಯ ಮುಖಕ್ಕಲ್ಲ."